ಅತ್ತೆಯ ಫೋಟೋಕ್ಕೆ ಬಂದ ಹುಳಗಳು

ಹೋದ ತಿಂಗಳು ಆರ್.ಟಿ. ನಗರದಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳ ಮನೆಗೆ ಕಾಫಿಗೆ ಹೋಗಿದ್ದೆ. ಹೊರಟಾಗ ಸಂಜೆ ಆರೂವರೆ ಆಗಿತ್ತು. ಬೀದಿಯ ಆ ತುದಿಯಿಂದ ಸೊಳ್ಳೆ ಹೊಗೆಯ ಯಂತ್ರವನ್ನು ಹೆಗಲಿಗೆ ಹಾಕಿಕೊಂಡ ಒಬ್ಬಾತ ಬಡಬಡ ಸದ್ದು ಮಾಡುತ್ತ ಬಂದ. ಸೀಮೆಎಣ್ಣೆ ಸುಟ್ಟಂಥ ಆ ವಾಸನೆ ಗಂಟಲಿಗೆ ಹೋಗಿ, ಮೂಗಿಗೆ ಸೆರಗು ಒತ್ತಿಕೊಂಡು ಒಂದು ಗೇಟಿನ ಪಕ್ಕ ನಿಂತೆ. ಹೊಗೆ ತಿಳಿಯಾದ ಮೇಲೆ ತಲೆಯೆತ್ತಿ ನೋಡಿದರೆ ಕೆಳಗೊಂದು ಜಿಮ್, ಮೇಲೊಂದು ಹಲ್ಲಿನ ಆಸ್ಪತ್ರೆ, ಅದರ ಮೇಲೆ ಯಾರದೋ ಬಟ್ಟೆ ಒಣಗುತ್ತಿತ್ತು. ನಮ್ಮ ಮನೆ ಇದ್ದದ್ದು ಅಲ್ಲೇ. ಹಲ್ಲು ಕೀಳುವ ಕುರ್ಚಿಯ ನೇರ ಕೆಳಗೆ ನಮ್ಮತ್ತೆಯ ಕನಕಾಂಬರದ ಪಾತಿ ಇತ್ತು. ಒಂದು ಮಳೆಗಾಲವಿಡೀ ನಾನು ಮಂಡಿಯೂರಿ ಹುಳಗಳ ಫೋಟೋ ತೆಗೆದ ಜಾಗದಲ್ಲಿ ನಿಂತು ಹುಳ ಕೊಲ್ಲುವ ಹೊಗೆ ಕುಡಿಯುತ್ತಿದ್ದೇನೆ ಎಂದು ಹೊಳೆದಾಗ ನಗುವೂ ಕೆಮ್ಮೂ ಒಟ್ಟಿಗೇ ಬಂದವು.

ಬೇಕೆಂದು ನಾನು ಒಂದು ಹುಳದ ಫೋಟೋವನ್ನೂ ತೆಗೆದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಯಾರೂ ನಂಬಲಿಲ್ಲ. ನಾನು ತೆಗೆಯಲು ಹೊರಟಿದ್ದು ನಮ್ಮತ್ತೆ ಕಾವೇರಮ್ಮನವರ ಫೋಟೋ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನನಗೆ ಮದುವೆಯಾಗಿ ಮೂರು ವರ್ಷ. ಇವರು, ಅಂದರೆ ನಮ್ಮ ಯಜಮಾನರು, ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ನಾನು ಮತ್ತಿಕೆರೆಯ ಮಾಧ್ಯಮಿಕ ಶಾಲೆಯಲ್ಲಿ ಲೆಕ್ಕದ ಮೇಡಂ. ನಮ್ಮ ಸಾಲಿನಲ್ಲಿ ಒಟ್ಟು ಆರು ಮನೆಗಳಿದ್ದವು. ಉಳಿದ ಸೈಟುಗಳಲ್ಲಿ ಗಡಿ ಕಲ್ಲುಗಳೂ ಎಮ್ಮೆಗಳೂ ಇರುತ್ತಿದ್ದವು. ಹಿತ್ತಲಿನ ಬೇಲಿಯಾಚೆಗೆ ಹಾಲಿನ ಮುನಿಯಮ್ಮನ ರಾಗಿ ಹೊಲ. ಮಳೆ ಹಿಡಿದರೆ ಹೊಲದ ಕೆಂಪು ನೀರು ನೇರವಾಗಿ ನಮ್ಮ ಹಿತ್ತಲಿಗೆ ಬಂದು, ಅದರ ಜೊತೆ ಹೊಲದ ಸಕಲ ಜೀವರಾಶಿಯೂ ಬರುತ್ತಿತ್ತು. ಅತ್ತೆ ಆ ಹಿತ್ತಲಿನಲ್ಲಿ ಕನಕಾಂಬರ, ದಾಸವಾಳ, ಅವರೆ ಚಪ್ಪರ, ಒಂದು ಸೀಬೆ ಮರ ಎಲ್ಲ ಬೆಳೆಸಿದ್ದರು. ಯಾವ ಗಿಡಕ್ಕೂ ಔಷಧಿ ಹೊಡೆಯಲು ಬಿಡುತ್ತಿರಲಿಲ್ಲ. ದೇವರಿಗೆ ಏರಿಸುವ ಹೂವಿಗೆ ವಿಷ ಹಾಕುತ್ತಾರೇನೇ ಎಂದು ನನ್ನನ್ನೇ ಗದರುತ್ತಿದ್ದರು. ಹಾಗಾಗಿ ಹುಳಗಳಿಗೆ ನಮ್ಮದು ತವರುಮನೆ ಇದ್ದಹಾಗೆ.

ಫೋಟೋದ ಕತೆ ಶುರುವಾದದ್ದು ಒಂದು ಕಿವಿಯಿಂದ.

ನಮ್ಮ ಮಾವ ತೀರಿಕೊಂಡಾಗ ಅವರದೊಂದು ಒಳ್ಳೆಯ ಫೋಟೋ ಮನೆಯಲ್ಲಿ ಇರಲಿಲ್ಲವಂತೆ. ಯಾರದೋ ಬೀಳ್ಕೊಡುಗೆಯಲ್ಲಿ ಆಫೀಸಿನವರೆಲ್ಲ ಸಾಲಾಗಿ ನಿಂತ ಒಂದು ಗುಂಪು ಫೋಟೋ ಇತ್ತು. ಅದರಿಂದ ಮಾವನ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಆದರೆ ಪಕ್ಕದವರು ಒತ್ತಿಕೊಂಡು ನಿಂತಿದ್ದರಿಂದ ಅವರ ಎಡಗಿವಿ ಮಾವನ ಫೋಟೋದೊಳಗೆ ಉಳಿದುಬಿಟ್ಟಿತ್ತು. ಕಡುಕು ಹಾಕಿದ, ದಪ್ಪ, ಗಟ್ಟಿಮುಟ್ಟಾದ ಕಿವಿ. ಹತ್ತು ವರ್ಷದಿಂದ ಅತ್ತೆ ಬೆಳಿಗ್ಗೆ ಎದ್ದು ಆ ಫೋಟೋ ಒರೆಸಿ, ಗಂಧ ಇಟ್ಟು, ಹೂವು ಏರಿಸುತ್ತಿದ್ದರು. ಹಾರ ಹಾಕಿದಾಗ ಅದರ ಒಂದು ಪಕ್ಕ ಸರಿಯಾಗಿ ಆ ಕಿವಿಯ ಮೇಲೇ ಇಳಿಬೀಳುತ್ತಿತ್ತು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಮಾವನ ಹಳೆಯ ಸಹೋದ್ಯೋಗಿ ನಂಜುಂಡಯ್ಯನವರು ಮನೆ ಹುಡುಕಿಕೊಂಡು ಬಂದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ನಡುಮನೆಯಲ್ಲಿ ಅಡ್ಡಾಡುತ್ತ ಫೋಟೋದ ಮುಂದೆ ನಿಂತರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ತಮ್ಮ ಎಡಗಿವಿಯನ್ನು ಮುಟ್ಟಿ ನೋಡಿಕೊಂಡರು.

"ಇದು ನನ್ ಕಿವಿ ಅಲ್ವೇನಮ್ಮಾ?" ಎಂದರು.

ಬದುಕಿರುವಾಗಲೇ ಹತ್ತು ವರ್ಷ ಕಿವಿಗೆ ಹಾರ ಹಾಕಿಸಿಕೊಂಡ ಆ ಮನುಷ್ಯ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಹೋದರು. ನಾನು ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅತ್ತೆ ನಗಲಿಲ್ಲ. ನಂಜುಂಡಯ್ಯನವರು ಹೋಗುವಾಗ ಅವರ ತಲೆಗೆ ಹುಳ ಬಿಟ್ಟು ಹೋಗಿದ್ದರು.

ಮರುದಿನ ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಅವರ ತಾಯಿ ಅರವತ್ತಮೂರಕ್ಕೆ ಹೋದರು. ಅಕ್ಕನೂ ಅರವತ್ತಮೂರಕ್ಕೇ ಹೋದಳು. ತಮಗೂ ಈಗ ಅರವತ್ತಮೂರು ನಡೆಯುತ್ತಿದೆ, ದೀಪಾವಳಿಗೆ ಮುಗಿಯುತ್ತದೆ, ದಾಟುವುದು ಅನುಮಾನ. ಅಷ್ಟರಲ್ಲಿ ತಮ್ಮದೊಂದು ಫೋಟೋ ಆಗಬೇಕು.

"ನಾನೊಬ್ಳೇ ಇರ್ಬೇಕು ಕಣೇ ಶಾಂತಾ. ಮುಖ ಕಾಣ್ಬೇಕು, ಕಣ್ಣು ಬಿಟ್ಟಿರ್ಬೇಕು. ನಿಮ್ಮಾವನ್ ಥರ ಇನ್ನೊಬ್ರ ಕಿವಿ ಇಟ್ಕೊಂಡು ನಾನ್ ಗೋಡೆ ಮೇಲೆ ಕೂರಲ್ಲ."

ಅತ್ತೆಗೆ ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಬಾವಿಯಿಂದ ನೀರು ಸೇದುವುದರಲ್ಲಿ ನನಗಿಂತ ಎರಡು ಕೊಡ ಮುಂದಿದ್ದರು. ಆದರೂ ಅವರು ಹೇಳಿದ ರೀತಿ ಕೇಳಿ ನಾನು ನಗಲು ಹೋಗಲಿಲ್ಲ. ನನ್ನ ಸ್ವಂತ ತಾಯಿ ನಾನು ಹತ್ತು ವರ್ಷದವಳಿದ್ದಾಗಲೇ ಹೋದವರು. ಈ ಮನೆಗೆ ಬಂದ ಮೇಲೆ ಬೈಯುವುದಕ್ಕಾದರೂ ಒಬ್ಬರು ಸಿಕ್ಕರು ಎಂದು ನನಗೆ ಒಳಗೊಳಗೇ ಖುಷಿಯಿತ್ತು. ದೀಪಾವಳಿಯೊಳಗೆ ಫೋಟೋ ಮಾಡಿಸಿಕೊಡುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟೆ.

ಮೊದಲು ಮತ್ತಿಕೆರೆಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಸರೋವರ, ಹಂಸಗಳಿದ್ದ ಪರದೆಯ ಮುಂದೆ ಅತ್ತೆಯನ್ನು ಕೂರಿಸಿ ಫ್ಲಾಶ್ ಹೊಡೆದರು. ಅತ್ತೆ ಕಣ್ಣು ಮುಚ್ಚಿದರು. ಮತ್ತೆ ಹೊಡೆದರು, ಮತ್ತೆ ಮುಚ್ಚಿದರು. ಮೂರನೆಯ ಸಲ ಫ್ಲಾಶ್ ಹೊಡೆಯುವ ಮೊದಲೇ ಮುಚ್ಚಿದರು. ಸುಸ್ತಾದ ಸ್ಟುಡಿಯೋದವನು ಇದು ಯಾವುದಕ್ಕೆ ಬೇಕಾದ ಫೋಟೋ ಎಂದು ಕೇಳಿದ. ಹಾರ ಹಾಕುವುದಕ್ಕೆ ಎಂದು ಅತ್ತೆ ನೇರವಾಗಿ ಹೇಳಿದರು.

"ಹಂಗಾದ್ರೆ ಕಣ್ ಮುಚ್ಚಿದ್ರೂ ನಡೆಯತ್ತಲ್ವಾ ಅಮ್ಮಾ?" ಎಂದ.

ಅತ್ತೆ ಎದ್ದು ನಿಂತು ಸೆರಗು ಹೊದ್ದು ಆಚೆ ಬಂದರು. ಆಮೇಲೆ ಸ್ಟುಡಿಯೋ ಎಂಬ ಪದವನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ. ಫ್ಲಾಶ್ ಇಲ್ಲದೆ, ನಮ್ಮ ಹಿತ್ತಲಿನಲ್ಲೇ, ದೇವರು ಕೊಟ್ಟ ಬೆಳಕಿನಲ್ಲಿ ತೆಗೆಯಬೇಕೆಂದು ತೀರ್ಮಾನವಾಯಿತು.

ಇವರ ಹತ್ತಿರ ಸೋದರಮಾವ ಕೊಟ್ಟ ಒಂದು ಹಳೆಯ ಕ್ಯಾಮೆರಾ ಇತ್ತು. ಮುಚ್ಚಳ ತೆಗೆದರೆ ಹಾರ್ಮೋನಿಯಂ ತಿದಿಯಂತೆ ಮೂಗು ಮುಂದಕ್ಕೆ ಬರುವಂಥದ್ದು, ಒಂದು ರೋಲಿಗೆ ಹನ್ನೆರಡು ಕಪ್ಪುಬಿಳುಪು ಫೋಟೋ. ಅದರಲ್ಲಿ ಇವರು ತೆಗೆದರೆ ಯಾರಿಗೂ ತಲೆ ಇರುತ್ತಿರಲಿಲ್ಲ. ಮದುವೆಯ ಹೊಸತರಲ್ಲಿ ನಂದಿ ಬೆಟ್ಟದಲ್ಲಿ ತೆಗೆದ ಫೋಟೋಗಳಲ್ಲಿ ನಾನು ಯಾವ ಸೀರೆ ಉಟ್ಟಿದ್ದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ, ಉಟ್ಟವಳು ಯಾರೆಂದು ಗೊತ್ತಾಗುವುದಿಲ್ಲ. ಮುಖವೇ ಮುಖ್ಯವಾದ ಈ ಕೆಲಸಕ್ಕೆ ಅವರು ಲಾಯಕ್ಕಿಲ್ಲವೆಂದು ಅತ್ತೆಯೇ ಹೇಳಿ, ಕ್ಯಾಮೆರಾ ನನ್ನ ಕೈಗೆ ಬಂತು. ಲೆಕ್ಕದ ಮೇಡಂ, ಅಳತೆ ತಪ್ಪುವುದಿಲ್ಲ ಎಂದು ಅವರ ನಂಬಿಕೆ.

ಕ್ಯಾಮೆರಾದ ಮೂಗಿನ ಸುತ್ತ ಒಂದು ಬಳೆಯಿತ್ತು. ಅದರ ಮೇಲೆ ಮೂರು, ಐದು, ಎಂಟು, ಹದಿನೈದು ಎಂದು ಅಂಕಿಗಳಿದ್ದವು. ಎದುರಿನವರು ಎಷ್ಟು ದೂರದಲ್ಲಿದ್ದಾರೋ ಆ ಅಂಕಿಗೆ ತಿರುಗಿಸಬೇಕು ಎಂದು ಇವರು ಹೇಳಿಕೊಟ್ಟರು. ಇಷ್ಟೇ ತಾನೆ ಎಂದುಕೊಂಡೆ. ಶಾಲೆಯಿಂದ ಅಳತೆ ಟೇಪು ತಂದು, ಸೀಬೆ ಮರದ ಕೆಳಗೆ ಅತ್ತೆಯನ್ನು ಮಣೆ ಹಾಕಿ ಕೂರಿಸಿ, ಅವರ ಮೂಗಿನಿಂದ ಕ್ಯಾಮೆರಾದ ಮೂಗಿಗೆ ಸರಿಯಾಗಿ ಮೂರು ಮೀಟರ್ ಅಳೆದೆ. ಬಳೆಯನ್ನು ಮೂರಕ್ಕೆ ತಿರುಗಿಸಿದೆ. ಆ ಅಳತೆಗೆ ನಾನು ಕನಕಾಂಬರದ ಪಾತಿಯ ಹಿಂದೆ ಮಂಡಿಯೂರಬೇಕಾಗುತ್ತಿತ್ತು. ಮುಂದೆ ನಾಲ್ಕು ಎಲೆ ಅಡ್ಡ ಬಂದರೂ ಅಂದವಾಗಿಯೇ ಕಾಣುತ್ತದೆ ಎಂದುಕೊಂಡೆ.

ಜೂನ್ ತಿಂಗಳಿಡೀ ಹೀಗೆ ನಡೆಯಿತು. ಮಳೆ ಬಿಟ್ಟ ಹೊತ್ತು ನೋಡಬೇಕು, ಬಿಸಿಲು ಬರಬೇಕು, ಅತ್ತೆಗೆ ಮನಸ್ಸು ಬರಬೇಕು. ಮೂರೂ ಕೂಡಿ ಬರುವುದು ವಾರಕ್ಕೆ ಎರಡು ಸಲ. ಅತ್ತೆ ಇಸ್ತ್ರಿಯ ಬಿಳಿ ಸೀರೆಯುಟ್ಟು, ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದರು. ಅಲುಗಾಡಬೇಡಿ ಎಂದರೆ ಉಸಿರೇ ಬಿಡುತ್ತಿರಲಿಲ್ಲ. ಹನ್ನೆರಡು ಫೋಟೋ ಮುಗಿಯುವಷ್ಟರಲ್ಲಿ ನನ್ನ ಎರಡು ಮಂಡಿಗಳೂ ಕೆಮ್ಮಣ್ಣು ಬಣ್ಣಕ್ಕೆ ತಿರುಗಿದ್ದವು.

ರೋಲು ತೊಳೆಸಲು ಕೊಟ್ಟದ್ದು ನಮ್ಮ ಬಸ್‌ಸ್ಟಾಪಿನ ಪಕ್ಕ ಹೊಸದಾಗಿ ಅಂಗಡಿ ತೆರೆದಿದ್ದ ಅಜೀಜ್ ಭಾಯಿಯ ಹತ್ತಿರ. ನಾನು ಹೋದಾಗ ಅವರು ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಗೌರವದಿಂದಲೇ ಹರಡಿದರು.

ಮೊದಲನೆಯದರಲ್ಲಿ ಕನಕಾಂಬರದ ಎಲೆಯ ಮೇಲೆ ಒಂದು ಕಂಬಳಿಹುಳ. ಅದರ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಹಿಂದೆ ಒಂದು ಬಿಳಿ ಮಬ್ಬು. ಇನ್ನೊಂದರಲ್ಲಿ ಮಿಡತೆ, ಹಿಂದೆ ಬಿಳಿ ಮಬ್ಬು. ಮತ್ತೊಂದರಲ್ಲಿ ಎರಡು ಹುಳಗಳು ಸಂಸಾರ ಮಾಡುತ್ತಿದ್ದವು, ಅದನ್ನು ನಾನು ಸರಕ್ಕನೆ ಮಗುಚಿಟ್ಟೆ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದರಲ್ಲಿ ಒಂದು ಕಡ್ಡಿಯಂಥ ಹುಳ ಮುಂಗಾಲು ಎರಡನ್ನೂ ಜೋಡಿಸಿ ಕೈ ಮುಗಿದು ನಿಂತಿತ್ತು. ಅದು ನಮಸ್ಕಾರ ಮಾಡುತ್ತಿದ್ದದ್ದು ಹಿಂದಿದ್ದ ಬಿಳಿ ಮಬ್ಬಿಗೆ. ಬಿಳಿ ಮಬ್ಬು ನಮ್ಮತ್ತೆ.

"ಮೇಡಂ, ಹಿಂದೆ ಇರೋದು ಏನು ಅಂತ ನಮ್ಗೆ ಗೊತ್ತಾಗಿಲ್ಲ. ಪರ್ದೇನಾ? ಆದ್ರೆ ಹುಳ ಮಾತ್ರ ಏಕ್‌ದಂ ಫಸ್ಟ್ ಕ್ಲಾಸ್ ಬಂದೈತೆ," ಎಂದರು ಅಜೀಜ್ ಭಾಯಿ.

ಕ್ಯಾಮೆರಾ ತೋರಿಸಿ ನನ್ನ ಅಳತೆಯ ಕ್ರಮ ವಿವರಿಸಿದೆ. ಅವರು ಬಳೆಯನ್ನು ಬೆಳಕಿಗೆ ಹಿಡಿದು, ಬಹಳ ಮೆತ್ತಗೆ, ಇದು ಮೀಟರ್ ಅಲ್ಲ ಮೇಡಂ, ಅಡಿ ಎಂದರು. ನಾನು ಅತ್ತೆಯನ್ನು ಮೂರು ಮೀಟರ್ ದೂರದಲ್ಲಿ ಕೂರಿಸಿ, ಮೂರು ಅಡಿ ದೂರದಲ್ಲಿರುವ ಹುಳಗಳ ಫೋಟೋ ತೆಗೆದಿದ್ದೆ. ಆ ವಾರವಷ್ಟೇ ಏಳನೆಯ ಕ್ಲಾಸಿನ ಐವತ್ತು ಮಕ್ಕಳಿಗೆ ಅಡಿಯನ್ನು ಮೀಟರಿಗೆ ಬದಲಿಸುವ ಲೆಕ್ಕ ಕೊಟ್ಟು, ತಪ್ಪು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಮನೆಯಲ್ಲಿ ಅತ್ತೆ ಹನ್ನೆರಡನ್ನೂ ಒಂದೊಂದಾಗಿ ನೋಡಿದರು. ಕೈ ಮುಗಿದ ಹುಳದ ಹತ್ತಿರ ಬಂದಾಗ ನಿಂತರು. ಇದು ಯಾರು, ಹಿಂದೆ ಇರುವುದು ಎಂದು ಕೇಳಿದರು. ನೀವೇ ಎಂದೆ. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಇವರಿಗೆ ಮಾತ್ರ ಹಬ್ಬ. ನಾನು ತಲೆ ಕಡಿದರೂ ಮೈಯನ್ನಾದರೂ ಉಳಿಸುತ್ತಿದ್ದೆ ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದರು.

ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಅಜೀಜ್ ಭಾಯಿ ಆ ಕೈ ಮುಗಿದ ಹುಳವನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಮದುವೆ ಜೋಡಿಗಳ ನಡುವೆ ತೂಗುಹಾಕಿದರು. ಬಸ್ಸಿಗೆ ಕಾಯುವವರೆಲ್ಲ ನೋಡಿದರು. ಹೆಬ್ಬಾಳದ ಕಡೆ ಬೇಸಾಯದ ಪಾಠ ಹೇಳುವ ಒಬ್ಬ ಮೇಷ್ಟ್ರು ನೋಡಿ, ಇದನ್ನು ಯಾರು ತೆಗೆದದ್ದು ಎಂದು ವಿಚಾರಿಸಿ, ಒಂದು ಭಾನುವಾರ ಮನೆಗೇ ಬಂದರು. ಇಷ್ಟು ತಾಳ್ಮೆಯಿಂದ ಕೀಟಗಳನ್ನು ನೋಡುವವರು ನಮ್ಮ ಊರಲ್ಲಿ ಇದ್ದಾರೆಂದು ಗೊತ್ತಿರಲಿಲ್ಲ ಎಂದು ಹೊಗಳಿ, ಅವರೆ ಕಾಯಿ ಕೊರೆಯುವ ಹುಳದ್ದು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅತ್ತೆಯ ಫೋಟೋ ತೆಗೆಯುವಾಗ ಬಂದದ್ದು ಎನ್ನಲು ಬಾಯಿ ಬರಲಿಲ್ಲ. ಅವರು ಹೋದ ಮೇಲೆ, ಹುಳಕ್ಕೆ ಸಿಕ್ಕ ಮರ್ಯಾದೆ ತಮಗೆ ಸಿಗಲಿಲ್ಲವೆಂದು ಅತ್ತೆ ಗೋಡೆಗೆ ಹೇಳಿದರು. ಮಾರನೆಯ ಬೆಳಿಗ್ಗೆ ಹಾಲು ಹಾಕುತ್ತ ಮುನಿಯಮ್ಮ ತನ್ನ ಪಾಲಿನದನ್ನೂ ಸೇರಿಸಿದಳು.

"ಉಳಕ್ಕೆಲ್ಲ ಪೋಟ ತೆಗೀತೀಯಂತೆ? ನಮ್ಮೊಲಕ್ ಬಾರವ್ವ. ಇಂಗ್ ಕೈ ಆಕಿದ್ರೆ ಅಂಗ್ ಸಿಗ್ತವೆ."

ಎರಡನೆಯ ರೋಲಿಗೆ ಅತ್ತೆಯನ್ನು ಒಪ್ಪಿಸುವುದಕ್ಕೆ ಜುಲೈ ಬಂತು. ಆಷಾಢದ ಮೋಡ ಕವಿದು ಹಗಲಲ್ಲೂ ಬೆಳಕಿರಲಿಲ್ಲ. ಬೆಳಕು ಕಡಿಮೆಯಿದ್ದರೆ ಗುಂಡಿಯನ್ನು ಬಿ ಎಂಬ ಅಕ್ಷರಕ್ಕೆ ಹಾಕಿ, ಒತ್ತಿ ಹಿಡಿದು, ಒಂದು ಎರಡು ಎಂದು ಎಣಿಸಿ ಬಿಡಿ ಎಂದು ಅಜೀಜ್ ಭಾಯಿ ಹೇಳಿಕೊಟ್ಟಿದ್ದರು. ಒಂದು ಸಂಜೆ ಅತ್ತೆ ದೀಪ ಹಚ್ಚಿ ಬಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಮುಖ ಯಾವತ್ತೂ ಇಲ್ಲದಷ್ಟು ಸಡಿಲವಾಗಿತ್ತು. ಇದೇ ಸಮಯ ಎಂದು ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಈ ಸಲ ಅಡಿಯಲ್ಲೇ ಅಳೆದು, ಬಿ ಒತ್ತಿ ಹಿಡಿದೆ.

ಒಂದು ಎನ್ನುವಷ್ಟರಲ್ಲಿ ಅತ್ತೆ, ಹಾಲು ಒಲೆ ಮೇಲಿದೆಯೇನೇ ಎಂದರು. ಇದೆ ಎಂದೆ. ಉರಿ ಸಣ್ಣಗಿದೆಯೇ ಎಂದರು. ಸಣ್ಣಗಿದೆ, ಅಲುಗಾಡಬೇಡಿ ಎಂದೆ. ಯಾರು ಅಲುಗಾಡಿದ್ದು ಎಂದು ಅವರು, ಮಾತಾಡಿದರೆ ಅಲುಗಾಡಿದ ಹಾಗೇ ಎಂದು ನಾನು. ಆ ಹೊತ್ತಿಗೆ ಅವರ ಬೆನ್ನ ಹಿಂದಿನ ಬೇಲಿಯಿಂದ ಮಿಂಚುಹುಳಗಳು ಏಳತೊಡಗಿದ್ದವು. ಆರ್.ಟಿ. ನಗರದಲ್ಲಿ ಮಿಂಚುಹುಳ ಎಂದರೆ ಇವತ್ತು ಮೊಮ್ಮಕ್ಕಳು ನನಗೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಇದ್ದವು, ಲೆಕ್ಕವಿಲ್ಲದಷ್ಟಿದ್ದವು. ನಮ್ಮ ಜಗಳ ಮುಗಿದು, ಹಾಲು ಉಕ್ಕಿದ ವಾಸನೆ ಬಂದು ನಾನು ಓಡಿದಾಗಲೇ ಬೆರಳು ಗುಂಡಿಯಿಂದ ಬಿಟ್ಟಿದ್ದು.

ಆ ಫೋಟೋದಲ್ಲಿ ಅತ್ತೆಯ ಸೀರೆಯ ಮೂಲಕ ಒಗೆಯುವ ಕಲ್ಲು ಕಾಣುತ್ತಿತ್ತು. ಮುಖ ಇರಬೇಕಾದಲ್ಲಿ ಮೂರ್ನಾಲ್ಕು ಮುಖಗಳು ಒಂದರ ಮೇಲೊಂದು ಕೂತಿದ್ದವು. ಸುತ್ತಲೂ, ತಲೆಯ ಮೇಲೆ, ಹೆಗಲ ಪಕ್ಕ, ಯಾರೋ ಮಗು ಸ್ಲೇಟಿನ ಮೇಲೆ ಬಳಪ ಎಳೆದಂತೆ ಬೆಳಕಿನ ಗೆರೆಗಳು, ತುಂಡು ತುಂಡಾಗಿ ಸುತ್ತಿಕೊಂಡಿದ್ದವು. ಅತ್ತೆ ಬಹಳ ಹೊತ್ತು ನೋಡಿದರು.

"ಸತ್ಮೇಲೆ ಹಿಂಗ್ ಕಾಣ್ತೀನಿ ಅಂತಾದ್ರೆ ಪರವಾಗಿಲ್ಲ ಕಣೇ. ಆದ್ರೆ ಇದ್ಕೆ ಗಂಧ ಎಲ್ಲಿಗ್ ಇಡ್ತೀರಾ?" ಎಂದರು.

ಅದು ಅವರ ಟ್ರಂಕಿನೊಳಕ್ಕೆ ಹೋಯಿತು. ಎರಡನೆಯ ರೋಲಿನಲ್ಲಿ ಉಳಿದವೂ ಹೆಚ್ಚುಕಡಿಮೆ ಅದೇ ಹಣೆಬರಹ. ಅಳತೆ ಸರಿಯಾಗಿದ್ದ ಒಂದರಲ್ಲಿ, ಅದೇ ಕ್ಷಣಕ್ಕೆ ಒಂದು ಏರೋಪ್ಲೇನ್ ಚಿಟ್ಟೆ ಮೂಗಿನ ಮುಂದೆ ಹಾದು ಅತ್ತೆಗೆ ದೊಡ್ಡ ಮೀಸೆ ಬಂದಿತ್ತು.

ಶ್ರಾವಣ ಕಳೆದು ಭಾದ್ರಪದ ಬಂತು. ಅತ್ತೆಗೆ ಒಂದು ವಾರ ಜ್ವರ ಬಂತು. ಬರೀ ನೆಗಡಿ ಜ್ವರ, ಡಾಕ್ಟರು ನಕ್ಕು ಮಾತ್ರೆ ಕೊಟ್ಟರು. ಆದರೆ ಅತ್ತೆ ಹಾಸಿಗೆಯಿಂದ ಗೋಡೆಯ ಮೇಲಿನ ಮಾವನ ಫೋಟೋವನ್ನೂ ಅದರ ಪಕ್ಕದ ಖಾಲಿ ಜಾಗವನ್ನೂ ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು. ಈವರೆಗೆ ತಮಾಷೆಯಾಗಿದ್ದದ್ದು ಆ ವಾರ ತಮಾಷೆಯಾಗಿ ಉಳಿಯಲಿಲ್ಲ. ನಾನು ಕೊಟ್ಟ ಮಾತು ಉಳಿಸಿಕೊಳ್ಳುವ ಮೊದಲೇ ಅತ್ತೆ ಹೊರಟುಹೋದರೆ ಎಂದು ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತಾಗಲೂ ಅದೇ ಯೋಚನೆ.

ಜ್ವರ ಬಿಟ್ಟ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಎಳೆ ಬಿಸಿಲು ಬಂತು. ಅತ್ತೆ ತಾವಾಗಿಯೇ ಇಸ್ತ್ರಿ ಸೀರೆ ಉಟ್ಟು ಸೀಬೆ ಮರದ ಕೆಳಗೆ ಬಂದು ಕೂತರು. ನಾನು ಅಡಿಯಲ್ಲಿ ಅಳೆದೆ. ಮುಂದಿನ ಗಿಡಗಳನ್ನೆಲ್ಲ ಹಗ್ಗದಿಂದ ಪಕ್ಕಕ್ಕೆ ಕಟ್ಟಿದೆ. ಇವರನ್ನು ಟವೆಲು ಕೊಟ್ಟು ಹುಳ ಓಡಿಸಲು ನಿಲ್ಲಿಸಿದೆ. ಸಣ್ಣ ಕಿಂಡಿಯಲ್ಲಿ ನೋಡಿದರೆ ಅತ್ತೆ ಕಣ್ಣು ಬಿಟ್ಟುಕೊಂಡು ನೇರ ಕೂತಿದ್ದರು. ಒಂದು ಕ್ಷಣ ಅವರ ಹುಬ್ಬು ಸ್ವಲ್ಪ ಮೇಲೆದ್ದು, ಯಾರೋ ಕಚಗುಳಿ ಇಟ್ಟ ಹಾಗೆ ತುಟಿಯ ಅಂಚಿನಲ್ಲಿ ನಗು ಬಂತು. ಒತ್ತಿದೆ. ಚೆನ್ನಾಗಿ ಬಂದಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಅತ್ತೆ ಹಣೆ ಉಜ್ಜಿಕೊಳ್ಳುತ್ತ ಎದ್ದು, ಏನೋ ಹರಿದ ಹಾಗಾಯಿತು, ನೀನು ಬೈತೀಯ ಅಂತ ಅಲುಗಾಡಲಿಲ್ಲ ಎಂದರು.

ಅಜೀಜ್ ಭಾಯಿಗೆ ಆ ಒಂದನ್ನು ದೊಡ್ಡದು ಮಾಡಿ, ಟಚಿಂಗ್ ಮಾಡಿ, ಕಟ್ಟು ಹಾಕಿಸಿ ಕೊಡಲು ಹೇಳಿದೆ. ಟಚಿಂಗ್ ಎಂದರೆ ಸಣ್ಣ ಪೆನ್ಸಿಲಿನಿಂದ ಫೋಟೋದ ಊನಗಳನ್ನು ತಿದ್ದುವುದು. ಅದರಲ್ಲಿ ಅವರದು ಎತ್ತಿದ ಕೈ. ಮಹಾಲಯ ಅಮಾವಾಸ್ಯೆಗೆ ಮೊದಲು ಇವರೇ ಹೋಗಿ ಕಟ್ಟನ್ನು ತಂದರು. ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿತ್ತು. ಯಲಹಂಕದಿಂದ ಇವರ ಅಕ್ಕ ವನಜಕ್ಕನೂ ಬಂದಿದ್ದಳು. ಇವರಿಗಿಂತ ಆರು ವರ್ಷ ದೊಡ್ಡವಳು, ಮನೆಯ ಶಾಸ್ತ್ರ ಸಂಪ್ರದಾಯಗಳೆಲ್ಲ ಅವಳ ಸುಪರ್ದಿ. ದಾರ ಬಿಚ್ಚಿದವಳೂ ಅವಳೇ.

ಫೋಟೋ ನೋಡಿ ಅವಳ ಕೈ ಹಾಗೇ ನಿಂತಿತು. ನಾನು ಬಗ್ಗಿ ನೋಡಿದೆ. ಅಷ್ಟು ಚೆಂದದ ಫೋಟೋವನ್ನು ನಾನು ಆಮೇಲೆ ಜನ್ಮದಲ್ಲಿ ತೆಗೆದಿಲ್ಲ. ಕಣ್ಣು, ಮೂಗು, ಕೆನ್ನೆಯ ಗೆರೆಗಳು, ಬರಲೋ ಬೇಡವೋ ಎಂಬ ಆ ನಗು. ಹಣೆಯ ನಡುವೆ, ಕಾಸಿನಂತೆ ದುಂಡಗೆ, ಒಂದು ಕುಂಕುಮ.

ಹತ್ತು ವರ್ಷದಿಂದ ಬೋಳಾಗಿದ್ದ ಹಣೆ ಅದು. ಆ ಕಾಲದಲ್ಲಿ ನಮ್ಮಂಥ ಮನೆಗಳಲ್ಲಿ ಗಂಡ ಹೋದ ಮೇಲೆ ಕುಂಕುಮದ ಭರಣಿಯನ್ನು ಕಣ್ಣೆತ್ತಿ ನೋಡುವುದೂ ತಪ್ಪು. ವನಜಕ್ಕ ನನ್ನ ಕಡೆ ತಿರುಗಿದಳು. ನಾನು ಚಪ್ಪಲಿ ಮೆಟ್ಟಿ ನೇರ ಅಜೀಜ್ ಭಾಯಿಯ ಅಂಗಡಿಗೆ ಓಡಿದೆ. ಅವರು ಹೆಮ್ಮೆಯಿಂದ ಹೇಳಿದರು. ಅಮ್ಮನ ಕುಂಕುಮ ಸ್ವಲ್ಪ ಸೊಟ್ಟಗಿತ್ತಂತೆ, ಅಂಚಿನಲ್ಲಿ ಕದಡಿದ ಹಾಗೆ ಸಣ್ಣ ಸಣ್ಣ ಗೆರೆಗಳಿದ್ದವಂತೆ, ಅರ್ಧ ದಿನ ಕೂತು ದುಂಡಗೆ ಮಾಡಿದ್ದಾರಂತೆ. ನಮ್ಮತ್ತೆಯನ್ನು ಅವರು ಮುಖತಃ ಕಂಡವರೇ ಅಲ್ಲ. ಅವರಿಗೆ ಗಂಡನಿಲ್ಲ ಎಂದು ನಾನೂ ಹೇಳಿರಲಿಲ್ಲ, ಫೋಟೋ ತೊಳೆಸುವಾಗ ಯಾರು ಹೇಳುತ್ತಾರೆ? ತಿದ್ದುವ ಮೊದಲಿನ ಸಣ್ಣ ಪ್ರತಿಯನ್ನು ಅವರ ಭೂತಗನ್ನಡಿಯಲ್ಲಿ ನೋಡಿದೆ. ಕುಂಕುಮಕ್ಕೆ ಆರು ಕಾಲುಗಳಿದ್ದವು.

ಸಣ್ಣ ಪ್ರತಿಯನ್ನೂ ಭೂತಗನ್ನಡಿಯನ್ನೂ ಇಸಿದುಕೊಂಡು ಮನೆಗೆ ಬಂದೆ. ಇವರು ನೋಡಿದರು, ವನಜಕ್ಕ ನೋಡಿದಳು. ಹುಳವೆಂದು ಇಬ್ಬರೂ ಒಪ್ಪಿದರು. ಟವೆಲು ಹಿಡಿದು ನಿಂತಿದ್ದ ಇವರ ಮೇಲೆ ನನಗೆ ಸಿಟ್ಟು ಬಂದು, ನೀವೇನು ಕಾಯುತ್ತಿದ್ದಿರಿ ಎಂದೆ. ನೀನು ಗಿಡ ಕಾಯಲು ಹೇಳಿದ್ದೆ, ಅಮ್ಮನ ಹಣೆ ಕಾಯಲು ಹೇಳಿರಲಿಲ್ಲ ಎಂದರು. ವನಜಕ್ಕನಿಗೆ ನಗು ಬರಲಿಲ್ಲ.

"ಬಂದೋರಿಗೆಲ್ಲ ಭೂತಗನ್ನಡಿ ಕೊಟ್ಟು ತೋರಿಸ್ತೀಯಾ? ಇಲ್ಲಾ ಫೋಟೋ ಕೆಳಗೆ ಇದು ಹುಳ ಅಂತ ಬರೆದು ಹಾಕ್ತೀಯಾ?" ಎಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಪೆನ್ಸಿಲಿನಿಂದ ಬರೆದದ್ದನ್ನು ಅಜೀಜ್ ಭಾಯಿಯೇ ಅಳಿಸಬಹುದು, ಒಂದು ದಿನದ ಕೆಲಸ. ನಾನು ಫೋಟೋವನ್ನು ಮತ್ತೆ ಪೇಪರಿನಲ್ಲಿ ಸುತ್ತಲು ಶುರುಮಾಡಿದೆ. ಅಷ್ಟು ಹೊತ್ತೂ ಅತ್ತೆ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಅವರ ಫೋಟೋವನ್ನು ಅವರಿಗೆ ತೋರಿಸಬೇಕೆಂದು ಮೂವರಿಗೂ ಹೊಳೆದಿರಲಿಲ್ಲ. ಇಲ್ಲಿ ಕೊಡು ಎಂದರು. ಕನ್ನಡಕ ಹಾಕಿಕೊಂಡು, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಭೂತಗನ್ನಡಿ ಕೊಡಹೋದೆ, ಬೇಡ ಎಂದು ತಲೆಯಾಡಿಸಿದರು.

"ಯಾವ್ ಹುಳನೇ ಅದು?"

ಸೀಬೆ ಎಲೆಯ ಮೇಲೆ ಓಡಾಡುತ್ತದಲ್ಲ, ಗುಲಗಂಜಿಯಷ್ಟಿರುವುದು ಎಂದೆ.

"ಕೆಂಪಗಿರತ್ತಲ್ಲ, ಅದಾ?"

"ಹೂಂ ಅತ್ತೆ. ಕೆಂಪುದೇ."

ಅತ್ತೆ ಫೋಟೋದ ಗಾಜನ್ನು ಸೆರಗಿನಿಂದ ಒಂದು ಸಲ ಒರೆಸಿದರು. ಆಮೇಲೆ ಮಗಳ ಕಡೆ ನೋಡದೆ, ನನ್ನ ಕಡೆಯೂ ನೋಡದೆ ಹೇಳಿದರು.

"ನಾನ್ ಇಟ್ಕೊಂಡಿದ್ದಲ್ಲ ವನಜಾ. ಅದಾಗೇ ಬಂದು ಕೂತಿದ್ದು. ಇರ್ಲಿ ಬಿಡು."

ವನಜಕ್ಕ ಅಡುಗೆಮನೆಗೆ ಹೋಗಿ ಕಾಯಿ ತುರಿಯತೊಡಗಿದಳು. ಎಲ್ಲರಿಗೂ ಆಗಿ ಮಿಕ್ಕುವಷ್ಟು ತುರಿದಳು. ಫೋಟೋವನ್ನು ಸಾಯುವವರೆಗೆ ಟ್ರಂಕಿನಲ್ಲಿಡುವುದೆಂದು ಮೊದಲು ಮಾತಾಗಿತ್ತು. ಈಗ ಅತ್ತೆ ಅದಕ್ಕೂ ಒಪ್ಪಲಿಲ್ಲ. ಇವತ್ತೇ ಮೊಳೆ ಹೊಡೆಯಿರಿ, ನಾನೂ ನೋಡಬೇಕು ಎಂದರು. ಮಾವನ ಪಕ್ಕದಲ್ಲಿ ಇವರು ಮೊಳೆ ಹೊಡೆದರು. ಅತ್ತೆ ದೀಪಾವಳಿ ದಾಟಿದರು, ಇನ್ನೂ ಹದಿನಾರು ದೀಪಾವಳಿ ದಾಟಿದರು. ಅಷ್ಟು ವರ್ಷವೂ ಹೊಸದಾಗಿ ಬಂದವರು ಗೋಡೆ ನೋಡಿ ಅನುತಾಪದ ಮುಖ ಮಾಡಿಕೊಂಡು ತಿರುಗಿದರೆ, ಫೋಟೋದಲ್ಲಿದ್ದ ಅದೇ ಮುಖ ಕಾಫಿ ತಟ್ಟೆ ಹಿಡಿದು ಎದುರಿಗೆ ನಿಂತಿರುತ್ತಿತ್ತು.

ಮೊಳೆ ಹೊಡೆದ ಮರುದಿನ ಬೆಳಿಗ್ಗೆ ನಾನು ಅತ್ತೆಗೆ ಕಾಫಿ ತೆಗೆದುಕೊಂಡು ನಡುಮನೆಗೆ ಬಂದೆ. ಅವರು ಫೋಟೋದ ಮುಂದೆ ನಿಂತಿದ್ದರು, ಬೆನ್ನು ನನ್ನ ಕಡೆಗಿತ್ತು. ಕಿಟಕಿಯ ಬೆಳಕು ಬಿದ್ದು ಫೋಟೋದ ಗಾಜು ಕನ್ನಡಿಯ ಹಾಗಾಗಿತ್ತು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ಕನ್ನಡಿಯ ಮುಂದೆ ನಿಂತದ್ದನ್ನು ಒಂದು ದಿನವೂ ಕಂಡಿರಲಿಲ್ಲ, ಗೋಡೆಗೆ ಮುಖ ಮಾಡಿ ತಲೆ ಬಾಚಿಕೊಳ್ಳುತ್ತಿದ್ದರು. ಈಗ ಅವರು ಸ್ವಲ್ಪ ಎಡಕ್ಕೆ ಸರಿದರು. ಮತ್ತೆ ಒಂದಿಷ್ಟು ಬಲಕ್ಕೆ. ಹಿಮ್ಮಡಿ ಎತ್ತಿದರು, ಇಳಿಸಿದರು. ಏನು ಮಾಡುತ್ತಿದ್ದಾರೆಂದು ಮೊದಲು ಗೊತ್ತಾಗಲಿಲ್ಲ. ಗಾಜಿನಲ್ಲಿ ಬಿದ್ದ ತಮ್ಮ ಮುಖವನ್ನು ಫೋಟೋದ ಮುಖದ ಮೇಲೆ ಸರಿಯಾಗಿ ಕೂರಿಸಿಕೊಳ್ಳುತ್ತಿದ್ದರು, ಆ ಕುಂಕುಮ ತಮ್ಮ ಹಣೆಗೆ ಬರುವ ಹಾಗೆ. ಕೂತಿತೆಂದು ಕಾಣುತ್ತದೆ, ಅಲುಗಾಡದೆ ನಿಂತರು. ನನಗೆ ಅಳು ಬಂತು. ಸದ್ದಾಗದಂತೆ ಅಡುಗೆಮನೆಗೆ ವಾಪಸು ಹೋಗಿ ಕಾಫಿಯನ್ನು ಮತ್ತೆ ಒಲೆಯ ಮೇಲಿಟ್ಟೆ.